ನಲವತ್ತಾರನೆಯ ಉಲ್ಲೇಖ

ಹೋದ ವಾರ ಕ್ರ್ಯಾನ್‌ಬರಿಯ ನಮ್ಮ ಆಫೀಸಿನಲ್ಲಿ ಮೇಜುಗಳನ್ನು ಅದಲುಬದಲು ಮಾಡಿದರು. ಕಿಟಕಿಯ ಪಕ್ಕದ ನನ್ನ ಜಾಗ ಹೋಯಿತು. ಅದರ ಜೊತೆಗೆ, ಗೋದಾಮುಗಳ ಕಡೆ ತಿರುಗುವ ಟ್ರಕ್ಕುಗಳನ್ನು ನೋಡುತ್ತ ಚಹಾ ಕುಡಿಯುವ ಸುಖವೂ ಹೋಯಿತು. ಡ್ರಾಯರ್ ಖಾಲಿ ಮಾಡುವಾಗ, ಒಣಗಿದ ಹೈಲೈಟರ್‌ಗಳ ಕೆಳಗೆ ಒಂದು ಹಸಿರು ಟ್ಯಾಗ್ ಸಿಕ್ಕಿತು. ಅದೇ, ನಮ್ಮೂರ ಕಚೇರಿಗಳಲ್ಲಿ ಕಾಗದಗಳಿಗೆ ತೂತು ಹಾಕಿ ಪೋಣಿಸುವ ದಾರ. ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ, ಎರಡೂ ತುದಿಗೆ ತಗಡಿನ ಮೂತಿ. ಈ ದೇಶದಲ್ಲಿ ಅದನ್ನು ನಾನು ಒಂದೇ ಒಂದು ಮನೆಯಲ್ಲಿ ಕಂಡಿದ್ದೇನೆ. ಪಕ್ಕದ ಮೇಜಿನವಳು ಅದನ್ನು ಹಳೆಯ ಶೂ ಲೇಸ್ ಎಂದುಕೊಂಡು ಕಸದ ಬುಟ್ಟಿಗೆ ಹಾಕಲು ಹೊರಟಳು. ನಾನು ಕೈಚಾಚಿ ತಡೆದ ರಭಸಕ್ಕೆ ಅವಳೂ ಬೆಚ್ಚಿದಳು, ನಾನೂ ಬೆಚ್ಚಿದೆ.

ಆ ಮನೆಯ ವಿಷಯ ಹೇಳುವ ಮೊದಲು ನನ್ನ ಕೆಲಸವೇನೆಂದು ಹೇಳಬೇಕು. ಅದು ಸುಲಭವಲ್ಲ. ಕನ್ನಡದವರು ಸೇರುವ ಪಿಕ್‌ನಿಕ್ಕಿನಲ್ಲಿ ಯಾರಾದರೂ ಕೇಳಿದರೆ, ವಿಜ್ಞಾನ ಪತ್ರಿಕೆಗಳಿಗೆ ಹೋಗುವ ಲೇಖನಗಳ ಉಲ್ಲೇಖಗಳನ್ನು ಸರಿಮಾಡುತ್ತೇನೆ ಎನ್ನುತ್ತೇನೆ. ಅವರು ತಲೆಯಾಡಿಸಿ, ಮತ್ತೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಮತ್ತೆ ಏನೂ ಇಲ್ಲ. ಅಷ್ಟೇ ಕೆಲಸ.

ವಿಜ್ಞಾನಿಯೊಬ್ಬರು ಲೇಖನದಲ್ಲಿ ಒಂದು ಮಾತು ಹೇಳಿದರೆ, ಅದು ಎಲ್ಲಿಂದ ಬಂತು ಎಂದು ತೋರಿಸಬೇಕಲ್ಲವೇ? ಅದಕ್ಕೆ ವಾಕ್ಯದ ಕೊನೆಗೆ ಆವರಣದಲ್ಲಿ ಒಂದು ಸಂಖ್ಯೆ ಹಾಕುತ್ತಾರೆ. ಲೇಖನದ ಕೊನೆಯ ಪಟ್ಟಿಯಲ್ಲಿ ಅದೇ ಸಂಖ್ಯೆಯ ಮುಂದೆ ಮೂಲ ಲೇಖನದ ವಿವರ ಇರುತ್ತದೆ: ಬರೆದವರು, ಶೀರ್ಷಿಕೆ, ಪತ್ರಿಕೆ, ವರ್ಷ, ಸಂಪುಟ, ಪುಟ. ಇದನ್ನು ಬರೆಯುವ ಬಗೆ ಪತ್ರಿಕೆಗೊಂದು. ಒಬ್ಬರಿಗೆ ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ ಬೇಕು, ಇನ್ನೊಬ್ಬರಿಗೆ ಸಂಪುಟ ದಪ್ಪಕ್ಷರದಲ್ಲಿ ಬೇಕು, ಮತ್ತೊಬ್ಬರಿಗೆ ಹೆಸರಿನ ಇನಿಷಿಯಲ್ಲುಗಳ ನಡುವೆ ಚುಕ್ಕಿ ಕಂಡರೆ ಆಗುವುದಿಲ್ಲ. ಸಾರಿಗೆ ಬೆಲ್ಲ ಹಾಕುವ ಮನೆ, ಹಾಕದ ಮನೆ ಇದ್ದ ಹಾಗೆ. ವಾದಿಸಿ ಪ್ರಯೋಜನವಿಲ್ಲ, ಆ ಮನೆಯಲ್ಲಿ ಹಾಗೆ. ಈ ಕೆಲಸದಿಂದ ನನಗೆ ಅಂಟಿದ ರೋಗವೆಂದರೆ, ಹೋಟೆಲಿನ ಮೆನು ಕೊಟ್ಟರೂ ಮೊದಲು ಅಲ್ಪವಿರಾಮ ಹುಡುಕುತ್ತೇನೆ. ನಾನು ಆರ್ಡರ್ ಮಾಡುವಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಊಟ ಮುಗಿಸಿ ಹೋಗಿರುತ್ತಾರೆ ಎಂಬುದು ನಮ್ಮನೆಯವರ ದೂರು.

ಬಸವರಾಜ ಅಂಕಲ್ ಒಬ್ಬರೇ, ನನ್ನ ಕೆಲಸ ಏನೆಂದು ಕೇಳಿ ಮುಂದೆ ಬಾಗಿದವರು. ಏಳು ವರ್ಷದ ಹಿಂದಿನ ಮಾತು. ಆಗ ನಾನು ಪ್ರಿನ್ಸ್‌ಟನ್ನಿನಲ್ಲಿ ಒಂದು ತಾತ್ಕಾಲಿಕ ಕೆಲಸ ಹಿಡಿದಿದ್ದೆ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು, ಎಲ್ಲ ಬಲ್ಲೆ ಎಂಬ ಧೈರ್ಯ ಬಂದಿತ್ತು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ಊಟದಲ್ಲಿ ಅಂಕಲ್ ನನ್ನ ಪಕ್ಕ ಕೂತಿದ್ದರು. ನನ್ನ ಉತ್ತರ ಕೇಳಿ, ಮುಖ ಒಂದು ಬದಿಗೆ ತಿರುಗಿಸಿ, ನನ್ನ ಭುಜದಾಚೆ ಯಾರನ್ನೋ ನೋಡುವವರ ಹಾಗೆ ನೋಡುತ್ತ, "ನನಗ ನಿನ್ನಂಥಾಕಿನ ಬೇಕಾಗಿದ್ಲು, ತಂಗಿ" ಅಂದರು.

ಅವರು ಆಚೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅವರ ಎರಡೂ ಕಣ್ಣಿನ ನಡುಭಾಗ ಸವೆದಿತ್ತು. ಅಂಚು ಕಾಣುತ್ತಿತ್ತು, ನಡುವೆ ಇದ್ದದ್ದು ಕಾಣುತ್ತಿರಲಿಲ್ಲ. ನೇರ ನೋಡಿದರೆ ನನ್ನ ಕಿವಿಗಳೂ ಜಡೆಯೂ ಕಾಣುತ್ತವೆ, ಮುಖವಿರುವ ಕಡೆ ಬರೀ ಮಬ್ಬು ಎಂದು ಅವರೇ ಒಮ್ಮೆ ವಿವರಿಸಿದರು. ಮನೆಯೊಳಗೆ ತಿರುಗಾಡುವುದಕ್ಕೆ ಅಡ್ಡಿಯಿರಲಿಲ್ಲ. ಓದುವುದು ಮಾತ್ರ ಆಗುತ್ತಿರಲಿಲ್ಲ.

ಗದಗಿನ ಕಡೆಯವರು. ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ, ಮೆಟುಚೆನ್ನಿನ ರೈಲು ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹೆಂಡತಿ ಶಾಂತಾ ಆಂಟಿಯ ಜೊತೆ ಇದ್ದರು. ಕಂಪನಿಯಲ್ಲಿದ್ದಾಗ ಅವರ ಹೆಸರು ಹಲವು ಲೇಖನಗಳಲ್ಲಿ ಬಂದಿತ್ತು, ಆದರೆ ಹತ್ತು ಹನ್ನೆರಡು ಹೆಸರುಗಳ ಸಾಲಿನಲ್ಲಿ ಏಳನೆಯದೋ ಎಂಟನೆಯದೋ ಆಗಿ. ಉಲ್ಲೇಖದ ಪಟ್ಟಿಯಲ್ಲಿ ಆರು ಹೆಸರು ಹಾಕಿ, ಆಮೇಲೆ 'ಮತ್ತಿತರರು' ಎಂದು ಮುಗಿಸುವ ಪದ್ಧತಿ ಬಹಳ ಪತ್ರಿಕೆಗಳಲ್ಲಿದೆ. "ನಾ ಮೂವತ್ತು ವರ್ಷ ಮತ್ತಿತರರು ಆಗಿದ್ದೆ" ಎಂದು ಅವರು ನಗುತ್ತ ಹೇಳುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಮಾತು ಒಂದೆರಡು ಸಲಕ್ಕಿಂತ ಹೆಚ್ಚು ಬಂದಾಗ ಅದು ಬರೀ ನಗೆಯಲ್ಲ ಎಂದು ಗೊತ್ತಾಗುತ್ತದೆ.

ಅವರಿಗೆ ಒಂದೇ ಒಂದು ಲೇಖನ ಬೇಕಾಗಿತ್ತು, ತಮ್ಮ ಒಬ್ಬರದೇ ಹೆಸರಿನಲ್ಲಿ. ವಿಷಯ, ಮಾತ್ರೆಗಳು ತೇವದ ಹವೆಯಲ್ಲಿ ಹೇಗೆ ಕೆಡುತ್ತವೆ ಎಂಬುದು. ಹೊಸ ಪ್ರಯೋಗವಲ್ಲ. ಇಷ್ಟು ವರ್ಷ ಬೇರೆ ಬೇರೆಯವರು ಮಾಡಿದ ಕೆಲಸವನ್ನೆಲ್ಲ ಓದಿ, ಒಟ್ಟಿಗಿಟ್ಟು, ಏನು ಗೊತ್ತಾಗಿದೆ, ಏನು ಇನ್ನೂ ಗೊತ್ತಾಗಿಲ್ಲ ಎಂದು ಹೇಳುವ ಬಗೆಯ ಲೇಖನ. ಅಂಥ ಲೇಖನದಲ್ಲಿ ಉಲ್ಲೇಖಗಳೇ ಅರ್ಧ ಜೀವ. ಓದಿದ್ದೆಲ್ಲ ಅವರ ತಲೆಯಲ್ಲಿತ್ತು. ಅದನ್ನು ಹಾಳೆಗಿಳಿಸುವಷ್ಟರಲ್ಲಿ ಕಣ್ಣು ಕೈಕೊಟ್ಟಿತ್ತು.

ಹಾಗೆ ನನ್ನ ಶನಿವಾರಗಳು ಶುರುವಾದವು. ಬೆಳಿಗ್ಗೆ ಹತ್ತಕ್ಕೆ ಹೋಗುತ್ತಿದ್ದೆ. ಊಟದ ಮೇಜಿನ ಮೇಲೆ ಮೂಲ ಲೇಖನಗಳ ಪ್ರಿಂಟ್‌ಔಟ್‌ಗಳು, ಒಂದೊಂದಕ್ಕೂ ಎಡ ಮೂಲೆಯಲ್ಲಿ ತೂತು, ತೂತಿನಲ್ಲಿ ಹಸಿರು ಟ್ಯಾಗ್. ಗದಗಿನಿಂದ ಯಾರೇ ಬಂದರೂ ಅವರ ಕೈಲಿ ಟ್ಯಾಗಿನ ಕಟ್ಟು ತರಿಸುತ್ತಿದ್ದರು. ಮಂದಿ ಚಕ್ಕುಲಿ ತರಿಸಿದರೆ ಇವರು ಸರ್ಕಾರಿ ದಾರ ತರಿಸುತ್ತಾರೆ ಎಂದು ಆಂಟಿ ಹಾಸ್ಯ ಮಾಡುತ್ತಿದ್ದರು. ಅಂಕಲ್ ಹೇಳಿದ ವಾಕ್ಯವನ್ನು ನಾನು ಟೈಪ್ ಮಾಡುತ್ತಿದ್ದೆ, ಮತ್ತೆ ಓದಿ ಹೇಳುತ್ತಿದ್ದೆ. ಉಲ್ಲೇಖ ಓದುವಾಗ ಚಿಹ್ನೆಗಳನ್ನೂ ಬಿಡುವಂತಿರಲಿಲ್ಲ: ಹೆಸರು, ಅಲ್ಪವಿರಾಮ, ಶೀರ್ಷಿಕೆ, ಪೂರ್ಣವಿರಾಮ, ವರ್ಷ, ಅರ್ಧವಿರಾಮ. ನಮ್ಮ ಅಯ್ನೋರೂ ಮಂತ್ರ ಇಷ್ಟು ಸಾವಕಾಶ ಹೇಳೂದಿಲ್ಲ ಎಂದು ಆಂಟಿ ಅಡುಗೆಮನೆಯಿಂದ ಹೇಳುತ್ತಿದ್ದರು.

ಅವರ ಮೇಲ್ ಕೂಡ ನನ್ನ ಲ್ಯಾಪ್‌ಟಾಪಿನಲ್ಲಿಯೇ ತೆರೆದಿರುತ್ತಿತ್ತು. ಪತ್ರಿಕೆಯವರಿಗೆ ಏನು ಬರೆದರೂ ಕಳಿಸುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು, ಅವರು "ಹೂಂ" ಅನ್ನಬೇಕು. ಆಮೇಲಷ್ಟೇ ಕಳಿಸುವುದು. ಇದನ್ನು ನೀವು ನೆನಪಿಡಬೇಕು. ನನ್ನ ತಪ್ಪು ಇರುವುದು ಇಲ್ಲಿಯೇ.

ಅವರ ಇನ್ನೊಂದು ನಿಯಮ, ಪೂರ್ತಿ ಓದದೇ ಇರುವುದನ್ನು ಉಲ್ಲೇಖಿಸಬಾರದು ಎಂಬುದು. ನನ್ನ ಆಫೀಸಿನಲ್ಲಿ ಇದನ್ನು ಕೇಳಿದವರು ಮುಗುಳ್ನಗುತ್ತಿದ್ದರು. ಎಷ್ಟೋ ಜನ ಮತ್ತೊಬ್ಬರ ಪಟ್ಟಿಯಿಂದ ಉಲ್ಲೇಖ ಎತ್ತಿಕೊಳ್ಳುತ್ತಾರೆ, ಸಾರಾಂಶ ನೋಡಿ ಸಾಕೆನ್ನುತ್ತಾರೆ. ಅಂಕಲ್ ಪ್ರತಿಯೊಂದಕ್ಕೂ, ಇದನ್ನ ನಾವು ಓದೇವೇನು, ಎಂದು ಕೇಳುತ್ತಿದ್ದರು. ಓದಿಲ್ಲವಾದರೆ ನಾನು ಆಗಲೇ ಕೂತು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಎಂಟು ತಿಂಗಳು ಹೀಗೆ ಹೋಯಿತು. ಪಟ್ಟಿ ನಲವತ್ತಾರಕ್ಕೆ ನಿಂತಿತು. ಲೇಖನದ ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲು ಹಾಕಿಸಿದರು: ಎಲ್ಲ ಉಲ್ಲೇಖಗಳನ್ನು ಪರಿಶೀಲಿಸಿದವರು ಎಂದು ನನ್ನ ಹೆಸರು. ಅದನ್ನು ಟೈಪ್ ಮಾಡುವಾಗ ನನಗಾದ ಹೆಮ್ಮೆಯನ್ನು ಇಂದು ನೆನೆದರೆ ಕಿವಿ ಬಿಸಿಯಾಗುತ್ತದೆ.

ಕಳಿಸುವ ದಿನ ಬಂತು. ಉಲ್ಲೇಖ ಜೋಡಿಸುವ ಸಾಫ್ಟ್‌ವೇರಿನಲ್ಲಿ ಇರುವಷ್ಟು ಹೊತ್ತು ವಾಕ್ಯದ ಸಂಖ್ಯೆಗೂ ಪಟ್ಟಿಯ ಸಂಖ್ಯೆಗೂ ಒಂದು ಕೊಂಡಿ ಇರುತ್ತದೆ. ಒಂದನ್ನು ತೆಗೆದರೆ ಉಳಿದವೆಲ್ಲ ತಾವೇ ಸರಿದುಕೊಳ್ಳುತ್ತವೆ. ಆದರೆ ಆ ಪತ್ರಿಕೆಗೆ ಕೊಂಡಿ ಕಡಿದ, ಬರೀ ಅಕ್ಷರಗಳ ಪ್ರತಿ ಬೇಕಿತ್ತು. ನಾನು ಕೊಂಡಿ ಕಡಿದೆ. ಕಡಿದ ಮೇಲೆ ಕೊನೆಯ ಸಲ ಪಟ್ಟಿ ಓದುತ್ತ ಹತ್ತೊಂಬತ್ತಕ್ಕೆ ಬಂದಾಗ ಅಂಕಲ್ ಕೈ ಎತ್ತಿದರು. ಇದರ ಸಾರಾಂಶ ಮಾತ್ರ ಸಿಕ್ಕಿತ್ತಲ್ಲ, ಪೂರ್ತಿ ಲೇಖನ ಆಮೇಲೆ ತರಿಸಿದೆವೇ ಎಂದು ಕೇಳಿದರು. ತರಿಸಿರಲಿಲ್ಲ. ಅದೇ ಮಾತಿಗೆ ಇನ್ನೊಂದು ಉಲ್ಲೇಖವೂ ಇರುವುದರಿಂದ ಇದ್ದರೂ ನಡೆಯುತ್ತದೆ ಎಂದೆ.

"ತೆಗಿ ಅದನ್ನ" ಅಂದರು ಅಂಕಲ್. "ಮನಿ ನೋಡಲಾರದ ಹೆಣ್ಣು ಕೊಟ್ಟಂಗ ಆಗ್ತದ."

ತೆಗೆದೆ. ವಾಕ್ಯದಲ್ಲಿದ್ದ ಹತ್ತೊಂಬತ್ತನ್ನು ಅಳಿಸಿದೆ, ಪಟ್ಟಿಯಲ್ಲಿದ್ದ ಹತ್ತೊಂಬತ್ತನೆಯ ಸಾಲನ್ನೂ ಅಳಿಸಿದೆ. ಪಟ್ಟಿಯ ಸಾಲುಗಳಿಗೆ ಸಂಖ್ಯೆ ಹಾಕುವುದು ಕಂಪ್ಯೂಟರೇ, ಆದ್ದರಿಂದ ಅವು ತಾವಾಗಿ ಮೇಲೆ ಸರಿದವು: ಇಪ್ಪತ್ತು ಹತ್ತೊಂಬತ್ತಾಯಿತು, ನಲವತ್ತಾರು ನಲವತ್ತೈದಾಯಿತು. ಲೇಖನದೊಳಗಿನ ಸಂಖ್ಯೆಗಳು ಇದ್ದಲ್ಲೇ ಇದ್ದವು. ಅವಕ್ಕೆ ಕೊಂಡಿ ಇರಲಿಲ್ಲ. ಕೊಂಡಿ ಕಡಿದವಳು ನಾನು, ಐದು ನಿಮಿಷದ ಹಿಂದೆ. ಆಂಟಿ ಬೆಲ್ಲದ ಚಹಾ ತಂದರು. ನಾನು ಮೇಲ್ ಓದಿ ಹೇಳಿದೆ, ಅಂಕಲ್ ಹೂಂ ಅಂದರು, ಲೇಖನ ಹೋಯಿತು.

ಮೂರನೆಯ ದಿನ, ಮಂಗಳವಾರ, ಕೆಲಸಕ್ಕೆ ಹೋಗುವ ರೈಲಿಗಾಗಿ ಮೆಟುಚೆನ್ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ಮಂಗಳವಾರ ಎಂಬುದು ಖಚಿತ. ಮಳೆ ಇತ್ತೋ ಇಲ್ಲವೋ ಹೇಳಲಾರೆ. ಲೇಖನದ ಒಂದು ಪ್ರತಿ ಬ್ಯಾಗಿನಲ್ಲಿತ್ತು. ಯಾತಕ್ಕೆ ಇಟ್ಟುಕೊಂಡಿದ್ದೆ ಎಂದರೆ, ಕೃತಜ್ಞತೆಯ ಸಾಲನ್ನು ಮತ್ತೊಮ್ಮೆ ಓದುವುದಕ್ಕೆ. ಅದರ ಸ್ವಲ್ಪ ಮೇಲೆ ಲೇಖನದ ಕೊನೆಯ ವಾಕ್ಯ, ಅದರ ತುದಿಗೆ ನಲವತ್ತಾರು ಎಂಬ ಸಂಖ್ಯೆ. ಹಾಳೆ ತಿರುಗಿಸಿದೆ. ಪಟ್ಟಿ ನಲವತ್ತೈದಕ್ಕೆ ಮುಗಿದಿತ್ತು.

ಮೊದಲು, ಒಂದು ಸಾಲು ಬಿಟ್ಟುಹೋಗಿದೆ ಎಂದುಕೊಂಡೆ. ಆಮೇಲೆ ನಲವತ್ತೈದು ನೋಡಿದೆ. ವಾಕ್ಯ ಮಾತ್ರೆಯ ಲೇಪದ ಬಗ್ಗೆ, ಪಟ್ಟಿಯಲ್ಲಿ ಆ ಸಂಖ್ಯೆಗೆ ಇದ್ದದ್ದು ಬಾಟಲಿಯ ಮುಚ್ಚಳದ ಬಗ್ಗೆ. ಮೂವತ್ತೊಂದು ನೋಡಿದೆ, ಇಪ್ಪತ್ನಾಲ್ಕು ನೋಡಿದೆ. ಹತ್ತೊಂಬತ್ತರಿಂದಾಚೆ ಒಂದೂ ಸರಿಯಿರಲಿಲ್ಲ. ಅಂಕಲ್ ಹೇಳಿದ ಮಾತುಗಳೆಲ್ಲ ಪಕ್ಕದ ಮನೆಯ ವಿಳಾಸ ಹೊತ್ತು ನಿಂತಿದ್ದವು. ಓದಿದವರು, ಈ ಮುದುಕ ಓದದೇ ಬರೆದಿದ್ದಾನೆ ಎನ್ನುತ್ತಾರೆ. ಓದದೇ ಒಂದೂ ಬರೆಯದವರ ಬಗ್ಗೆ ಹಾಗೆ ಹೇಳುತ್ತಾರೆ. ನನ್ನ ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ನಾನು ಹತ್ತಲಿಲ್ಲ.

ಅವರ ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು, ಅವರ ಮೇಲ್‌ನಿಂದ, ಅವರ ಹೆಸರಿನಲ್ಲಿ ಪತ್ರಿಕೆಯವರಿಗೆ ಒಂದು ಪತ್ರ ಬರೆದೆ: ಕಡತವನ್ನು ಬದಲಿಸುವಾಗ ಒಂದು ತಾಂತ್ರಿಕ ದೋಷ ಉಂಟಾಗಿದೆ, ಸರಿಪಡಿಸಿದ ಪ್ರತಿ ಕಳಿಸಲು ಅವಕಾಶ ಕೊಡಿ. ಕೆಳಗೆ ಅವರ ಹೆಸರು. ಯಾರಿಗೂ ಓದಿ ಹೇಳಲಿಲ್ಲ, ಯಾರೂ ಹೂಂ ಅನ್ನಲಿಲ್ಲ. ಕಳಿಸಿಬಿಟ್ಟೆ. ಆ ಮನೆಯಲ್ಲಿ ಅದನ್ನು ಓದಬಲ್ಲ ಕಣ್ಣು ನನ್ನದೊಂದೇ ಎಂದು ನನಗೆ ಗೊತ್ತಿತ್ತು. ಆಂಟಿ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಮುಂದಿನ ರೈಲು ಹತ್ತಿದಾಗ ಎದೆ ಹಗುರಾಗಿತ್ತು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಆ ವಾರವೆಲ್ಲ ಮೇಲ್ ನೋಡುತ್ತಿದ್ದೆ. ಉತ್ತರ ಬರಲಿಲ್ಲ. ಶನಿವಾರ ಎಂದಿನಂತೆ ಹತ್ತಕ್ಕೆ ಹೋದೆ. ಲೇಖನ ಹೋಗಿಯಾಗಿತ್ತಾದ್ದರಿಂದ ಅಂದು ಕೆಲಸವೇನೂ ಇರಲಿಲ್ಲ, ಬಾ, ಊಟ ಮಾಡಿಕೊಂಡು ಹೋಗು ಎಂದು ಕರೆದಿದ್ದರು. ಅಂಕಲ್ ಕಿಟಕಿಗೆ ಓರೆಯಾಗಿ, ತಮ್ಮ ಜಾಗದಲ್ಲಿ ಕೂತಿದ್ದರು. ಆಂಟಿ ಮಾತಾಡಿಸಲಿಲ್ಲ, ನೀರು ಕೊಟ್ಟು ಒಳಗೆ ಹೋದರು. ಅಷ್ಟಕ್ಕೇ ನನಗೆ ಗೊತ್ತಾಗಬೇಕಿತ್ತು.

"ಪಟ್ಟಿ ತಗಿ" ಅಂದರು ಅಂಕಲ್. "ನಲವತ್ತಾರು ಓದು, ತಂಗಿ."

ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯ ಕೊನೆಗೆ ಹೋದೆ. ಓದುವುದಕ್ಕೆ ಏನಾದರೂ ಇದ್ದಿದ್ದರೆ ಓದುತ್ತಿದ್ದೆನೋ ಏನೋ.

"ನಲವತ್ತಾರು ಇಲ್ಲ, ಅಂಕಲ್."

"ಎಲ್ಲಿ ಹೋತು?"

ಹೇಳಿದೆ. ಕೊಂಡಿ ಕಡಿದದ್ದು, ಹತ್ತೊಂಬತ್ತನ್ನು ಅಳಿಸಿದ್ದು, ಮಂಗಳವಾರದ ಪ್ಲಾಟ್‌ಫಾರ್ಮು. ಕೊನೆಗೆ ಉಳಿದದ್ದು ಪತ್ರದ ವಿಷಯ. ಅದನ್ನೂ ಹೇಳಿದೆ.

ಅವರಿಗೆ ಗೊತ್ತಿತ್ತು. ಗುರುವಾರ ಮನೆಯ ಫೋನಿಗೆ ಸಂಪಾದಕರ ಕರೆ ಬಂದಿತ್ತಂತೆ. ನಿಧಾನಕ್ಕೆ ಮಾತಾಡುವ ಹಿರಿಯ ಹೆಂಗಸು, ಪಟ್ಟಿಯಲ್ಲಿ ನಲವತ್ತಾರನೆಯದೇ ಇಲ್ಲವಲ್ಲ, ಯಾವ ದೋಷ, ಇನ್ನೂ ಎಷ್ಟು ಕಡೆ ಎಂದು ವಿಚಾರಿಸಿದರಂತೆ. ಇವರು, ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಂಡು ಹೇಳುತ್ತೇನೆ ಎಂದರಂತೆ. ತಮ್ಮದೇ ಪತ್ರದ ಬಗ್ಗೆ ಹಾಗೆ ಹೇಳುವಾಗ ಅವರಿಗೆ ಹೇಗಾಗಿರಬಹುದು ಎಂದು ನಾನು ಅಂದಿನಿಂದ ಆಗಾಗ ಯೋಚಿಸುತ್ತೇನೆ.

"ನಂಬರ್ ಸರದದ್ದು ದೊಡ್ಡ ಮಾತಲ್ಲ" ಅಂದರು. "ತೆಗಿ ಅಂದಾಂವ ನಾನ. ಅದರಾಗ ನನ್ನ ಪಾಲೂ ಅದ. ಆದ್ರ ನನ್ನ ಹೆಸರ್ಲೆ ಒಂದು ಪತ್ರ ಹೋಗೇದ. ಅದನ್ನ ನಾ ಓದಿಲ್ಲ."

ತಮಗೆ ಬೇಜಾರಾಗಬಾರದೆಂದು ಹಾಗೆ ಮಾಡಿದೆಯಾ ಎಂದು ಕೇಳಿದರು. ಹೌದು ಅನ್ನುವುದು ಎಷ್ಟು ಸುಲಭವಿತ್ತು ನೋಡಿ, ಉತ್ತರವನ್ನು ಅವರೇ ಕೈಗೆ ಕೊಟ್ಟಿದ್ದರು. ಅಲ್ಲ ಅಂಕಲ್, ನನ್ನ ಮರ್ಯಾದೆ ಉಳಿಯಲಿ ಎಂದು ಮಾಡಿದೆ ಎಂದೆ. ಆ ವಾಕ್ಯ ಹೇಗೆ ಬಾಯಿಂದ ಬಂತೋ ತಿಳಿಯದು.

ಇನ್ನು ಹೊರಡು ಎನ್ನುತ್ತಾರೆ ಎಂದು ನಾನು ಬ್ಯಾಗಿನ ಹಿಡಿಕೆ ಹಿಡಿದಿದ್ದೆ. ಅವರು ಅಂದದ್ದು ಬೇರೆ:

"ಹಂಗಾರ ಈಗ ಆ ಪತ್ರ ಓದು. ತಿದ್ದೂಣು."

ಓದಿದೆ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಸಹಿತ. ನಾನೇ ಬರೆದ ಮೂರು ಸಾಲು ಓದುವುದಕ್ಕೆ ಮೂರು ಪುಟ ಓದಿದಷ್ಟು ಹೊತ್ತಾಯಿತು. ದೋಷ ತಾನಾಗಿ ಉಂಟಾಯಿತೇನು, ಮಾಡಿದವರು ಯಾರೂ ಇಲ್ಲವೇನು ಎಂದು ಅಂಕಲ್ ಕೇಳಿದರು. ಇಬ್ಬರೂ ಸೇರಿ, ಅಂಕಲ್ ಹೇಳುವ ಮಾತಿನಲ್ಲಿ ಹೊಸ ಪತ್ರ ಬರೆದೆವು. ನನ್ನ ಸೂಚನೆಯಂತೆ ಕೊನೆಯ ಗಳಿಗೆಯಲ್ಲಿ ಒಂದು ಉಲ್ಲೇಖ ತೆಗೆಯಲಾಯಿತು, ಉಳಿದ ಸಂಖ್ಯೆಗಳನ್ನು ತಿದ್ದಲು ನನ್ನ ಸಹಾಯಕಿಯೂ ನಾನೂ ಮರೆತೆವು, ಮಂಗಳವಾರದ ಪತ್ರವನ್ನು ನಾನು ನೋಡಿರಲಿಲ್ಲ ಎಂದು ಅದರಲ್ಲಿತ್ತು. ಪಟ್ಟಿ ಮಾತ್ರ ತಿದ್ದಿ ಕಳಿಸಿದರೆ ಸಾಕು, ಇಲ್ಲವೇ ಲೇಖನ ಹಿಂತೆಗೆದುಕೊಂಡು ಮತ್ತೆ ಸಲ್ಲಿಸಿ ಎಂದು ಸಂಪಾದಕರು ಎರಡು ದಾರಿ ಹೇಳಿದ್ದರಂತೆ. ಎಲ್ಲವನ್ನೂ ಮೊದಲಿನಿಂದ ಓದಿ ನೋಡಬೇಕೆಂದು ಅಂಕಲ್ ಹಿಂತೆಗೆದುಕೊಂಡರು. ಎಂಟು ತಿಂಗಳ ಕೆಲಸ ವಾಪಸು ಮೇಜಿನ ಮೇಲೆ ಬಂದು ಕೂತಿತು. ಅವರ ಹೆಸರಿನ ಆ ಒಂದು ಲೇಖನ ಇನ್ನು ಬಂದೀತೋ ಇಲ್ಲವೋ, ಅದಕ್ಕೆ ನಾನು ಕಾರಣಳಾದೆನೋ ಎಂಬುದೇ ನನ್ನ ತಲೆಯಲ್ಲಿತ್ತು. ಮುಂದಿನ ಶನಿವಾರ ನನ್ನನ್ನು ಕರೆಯುತ್ತಾರೆಯೇ ಎಂದು ಕೇಳುವ ಧೈರ್ಯವಿರಲಿಲ್ಲ.

ಚಪ್ಪಲಿ ಹಾಕಿಕೊಳ್ಳುವಾಗ ಆಂಟಿ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಡಬ್ಬಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾನು ಊಟ ಮಾಡಿರಲಿಲ್ಲ ಎಂಬುದು ಮೂವರಲ್ಲಿ ಅವರಿಗೊಬ್ಬರಿಗೇ ನೆನಪಿತ್ತು.

"ಹತ್ತಕ್ಕ ಬಾ, ಮುಂದಿನ ವಾರ" ಅಂದರು. "ನಿಮ್ಮಿಬ್ಬರ ಮ್ಯಾಲೂ ನನಗ ವಿಶ್ವಾಸಿಲ್ಲ. ಇನ್ನ ನಾನೂ ಕುಂಡ್ರಾಕಿ."

ಹಾಗೇ ಕೂತರು. ಆ ಚಳಿಗಾಲವಿಡೀ ನಾವು ಮೂವರು ಆ ಮೇಜಿನ ಸುತ್ತ ಕೂತೆವು. ನಾನು ಲೇಖನದ ಒಂದು ವಾಕ್ಯ ಓದಿ ಸಂಖ್ಯೆ ಹೇಳುತ್ತಿದ್ದೆ. ಆಂಟಿ ಮೂಗಿನ ತುದಿಗೆ ಕನ್ನಡಕ ಇಳಿಸಿ, ಟ್ಯಾಗ್ ಕಟ್ಟಿದ ಕಟ್ಟುಗಳಲ್ಲಿ ಆ ಸಂಖ್ಯೆಯದನ್ನು ಹುಡುಕಿ, ಬೆರಳಿಟ್ಟು ಓದುತ್ತಿದ್ದರು. ಅವರ ಇಂಗ್ಲಿಷ್ ನಿಧಾನ. ನಿಧಾನವಾದ್ದರಿಂದಲೇ ಒಂದು ಪದವೂ ತಪ್ಪುತ್ತಿರಲಿಲ್ಲ. ಅಂಕಲ್ ಕೇಳಿಸಿಕೊಂಡು ಹೌದು ಎಂದೋ ಅಲ್ಲ ಎಂದೋ ಹೇಳುತ್ತಿದ್ದರು. ಹೊರಗೆ ಹಿಮ ಬೀಳುತ್ತಿದ್ದ ದಿನ ಆಂಟಿ, ಇದು ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಸಂಖ್ಯೆ ಕೂಗಿ ಆಡುವ ಹೌಸಿ ಆಟದಂತಿದೆ, ಬಹುಮಾನ ಮಾತ್ರ ಇಲ್ಲ ಎಂದರು. ಅಂಕಲ್ ನಕ್ಕರು. ಹಿಂದಿನ ಎಂಟು ತಿಂಗಳಲ್ಲಿ ಆ ಮೇಜಿನಲ್ಲಿ ಅಷ್ಟು ನಗು ಇರಲಿಲ್ಲ.

ತಪ್ಪು ಹಿಡಿಯುವುದರಲ್ಲಿ ಆಂಟಿ ನಮ್ಮಿಬ್ಬರನ್ನೂ ಮೀರಿಸಿದರು. ಲೇಖನದಲ್ಲಿ ಅಂಕಲ್‌ಗೆ ಬಹಳ ಪ್ರೀತಿಯಾದ ಒಂದು ವಾಕ್ಯವಿತ್ತು. ತೇವ ಒಳಹೋಗುವ ಬಗೆ ಎಲ್ಲ ಮಾತ್ರೆಗಳಲ್ಲೂ ಒಂದೇ ಎಂಬರ್ಥದ, ಚೊಕ್ಕವಾದ ವಾಕ್ಯ. ಆಂಟಿ ಅದರ ಮೂಲ ಹುಡುಕಿ ಓದಿ, ಇಲ್ಲಿ ಎಲ್ಲ ಅಂತ ಎಲ್ಲಿದೆ, ಒಂದು ನಮೂನೆಯದರ ಬಗ್ಗೆ ಮಾತ್ರ ಬರೆದಿದ್ದಾರಲ್ಲ ಎಂದರು. ಅಂಕಲ್ ಒಪ್ಪಲಿಲ್ಲ. ಮತ್ತೆ ಓದಿಸಿದರು. ಮೂರನೆಯ ಸಲ ಓದಿದ ಮೇಲೆ ಕುರ್ಚಿಗೆ ಒರಗಿದರು. ಈ ಲೇಖನವನ್ನು ಅವರು ಕಣ್ಣಿದ್ದಾಗ ಪೂರ್ತಿ ಓದಿದ್ದರು. ನೆನಪು ವರ್ಷಗಳಲ್ಲಿ ಒಂದನ್ನು ಎಲ್ಲ ಮಾಡಿಕೊಂಡಿತ್ತು. ಓದಿಯೂ ಹೀಗಾಗುತ್ತದೆ ಎಂಬುದು ಅವರ ನಿಯಮದಲ್ಲಿರಲಿಲ್ಲ.

"ಅಳಸು" ಅಂದರು. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಅಲ್ಲದ ಹಾಗೆ, "ಛಲೋ ಇತ್ತು ವಾಕ್ಯ" ಅಂದರು.

ಅದರ ಜಾಗದಲ್ಲಿ ಬಂದ ವಾಕ್ಯ ಉದ್ದವಾಯಿತು, ಸ್ವಲ್ಪ ಕುಂಟುತ್ತಿತ್ತು, ನಿಜವಾಗಿತ್ತು. ಕೃತಜ್ಞತೆಯ ಸಾಲಿನಿಂದ ನನ್ನ ಹೆಸರು ತೆಗೆಯಿರಿ ಎಂದು ಅದೇ ದಿನ ಕೇಳಿಕೊಂಡೆ. ತೆಗೆಯಲಿಲ್ಲ. ತಿದ್ದಿಸಿದರು. ಪರಿಶೀಲಿಸಿದವರು ಎಂಬುದು ಹೋಗಿ, ನನಗೆ ಓದಿ ಹೇಳಿದವರು ಎಂದಾಯಿತು. ಪಕ್ಕದಲ್ಲಿ ಆಂಟಿಯ ಹೆಸರೂ ಸೇರಿತು. ಅಡುಗೆ ಮಾಡಿದ್ದಕ್ಕೂ ಸೇರಿಸಬೇಕಿತ್ತು ಎಂದು ಆಂಟಿ ಗೊಣಗಿದರು.

ಮಾರ್ಚಿನಲ್ಲಿ ಮತ್ತೆ ಕಳಿಸಿದೆವು. ಪತ್ರಿಕೆ ನೇಮಿಸಿದ ಪರಿಶೀಲಕರು ಒಂದಿಷ್ಟು ಪ್ರಶ್ನೆ ಕೇಳಿದರು, ಉತ್ತರಿಸಿದೆವು. ಆ ಶರತ್ಕಾಲದಲ್ಲಿ ಲೇಖನ ಪ್ರಕಟವಾಯಿತು. ಪ್ರಿಂಟ್ ತೆಗೆದುಕೊಂಡು ಹೋಗಿ ಶೀರ್ಷಿಕೆ ಓದಿದೆ, ಅದರ ಕೆಳಗಿನ ಸಾಲು ಓದಿದೆ: ಅವರ ಹೆಸರು, ಪೂರ್ಣವಿರಾಮ. ಇನ್ನೊಮ್ಮೆ ಓದು ಎಂದರು. ಓದಿದೆ. ಮುಂದೆ ಯಾವ ಹೆಸರೂ ಇಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಅವರು ಹಾಳೆ ಈಸಿಕೊಂಡು, ಆ ಸಾಲು ಎಲ್ಲಿದೆ ಎಂದು ನನ್ನ ಬೆರಳಿನಿಂದ ತೋರಿಸಿಕೊಂಡು, ತಲೆ ಓರೆ ಮಾಡಿ ಅಂಚಿನ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು. ಕಂಡಿತೋ ಇಲ್ಲವೋ ನಾನು ಕೇಳಲಿಲ್ಲ.

ಈಗ ಅವರಿಗೆ ಅಂಚೂ ಅಷ್ಟಾಗಿ ಕಾಣುವುದಿಲ್ಲ. ನಾನು ಕ್ರ್ಯಾನ್‌ಬರಿಗೆ ಬಂದೆ. ಇಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವುದೂ ನನ್ನ ಪಾಲಿಗಿದೆ. ಕೊಂಡಿ ಕಡಿದ ಮೇಲೆ ಒಂದು ಅಕ್ಷರ ಮುಟ್ಟಿದರೂ ಇಬ್ಬರು ಕೂತು ಮೊದಲಿನಿಂದ ಓದಬೇಕೆಂದು ಹೇಳುತ್ತೇನೆ. ಯಾಕೆಂದು ಹೇಳುತ್ತಿರಲಿಲ್ಲ. ಹೋದ ವಾರ ಆ ದಾರವನ್ನು ಕೈಯಲ್ಲಿ ಹಿಡಿದು ನಿಂತಾಗ, ಪಕ್ಕದ ಮೇಜಿನವಳು ಇದೇನೆಂದು ಕೇಳಿದಳು. ಮೊದಲ ಸಲ ಪೂರ್ತಿ ಹೇಳಿದೆ, ಪ್ಲಾಟ್‌ಫಾರ್ಮಿನ ಪತ್ರವನ್ನೂ ಬಿಡದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ತನ್ನ ಹಿಂದಿನ ಕೆಲಸದ ಒಂದು ತಪ್ಪನ್ನು ಮೆಲ್ಲಗೆ ಹೇಳತೊಡಗಿದಳು.

ಶನಿವಾರ ಮೆಟುಚೆನ್ನಿಗೆ ಹೋದೆ. ಹೇಳಬೇಕಾದ ಸುದ್ದಿಯೊಂದಿತ್ತು. ಯಾರೋ ಎಲ್ಲಿಯೋ ಬರೆದ ಹೊಸ ಲೇಖನವೊಂದು ಅಂಕಲ್ ಲೇಖನವನ್ನು ಉಲ್ಲೇಖಿಸಿದೆ ಎಂದು ನನ್ನ ಕಂಪ್ಯೂಟರಿಗೆ ಸೂಚನೆ ಬಂದಿತ್ತು. ಹಿಂದೆಯೂ ಒಂದೆರಡು ಸಲ ಬಂದಿತ್ತು, ಆದರೂ ಪ್ರತಿ ಸಲ ಹೊಸದೇ. ಪ್ರಿಂಟ್ ಹಾಕಿಸಿ ಒಯ್ದಿದ್ದೆ. ವಾಕ್ಯ ಓದಿದೆ, ತೇವದ ಬಗ್ಗೆ ಒಂದು ಸಾಧಾರಣ ಮಾತು. ಕೊನೆಗೆ ಆವರಣದಲ್ಲಿ ಹನ್ನೆರಡರಿಂದ ಹದಿನೇಳು. ಒಂದೇ ಮಾತಿಗೆ ಆರು ಲೇಖನಗಳು, ಅವುಗಳಲ್ಲಿ ಹದಿನಾಲ್ಕನೆಯದು ಅಂಕಲ್‌ದು. ಗುಂಪಿನಲ್ಲಿ ಒಂದಾಗಿ ಹೆಸರಿಸಿದ್ದಾರೆ ಎಂದು ಅವರಿಗೆ ನಿರಾಸೆಯಾದೀತೇ ಎಂದು ನಾನು ಅವರ ಮುಖ ನೋಡಿದೆ.

ಮಿಕ್ಕ ಐದು ಯಾರದು ಎಂದು ಕೇಳಿದರು. ಹೆಸರುಗಳನ್ನು ಓದಿದೆ. ಎರಡು ಹೆಸರು ಕೇಳಿ ಅವರ ಹುಬ್ಬು ಮೇಲೇರಿತು. ಪರಿಚಯವಿದ್ದವರಲ್ಲ, ಆದರೆ ಇಡೀ ಜೀವಮಾನ ಅವರ ಕೆಲಸ ಓದಿದ್ದರಂತೆ.

"ಛಲೋ ಮಂದಿ ಪಂಕ್ತಿಯೊಳಗ ಕುಂಡ್ರಿಸ್ಯಾರ" ಅಂದರು ಆಂಟಿಯ ಕಡೆ ತಿರುಗಿ. ಆಂಟಿ, ಹಾಗಾದರೆ ಊಟವೂ ಚೆನ್ನಾಗಿರಬೇಕು ಎಂದರು.

ಅಂಕಲ್ ಬೆರಳು ಮಡಿಸಿ ಎಣಿಸಿ, ಹದಿನೈದನೆಯದು ಏನು ಹೇಳುತ್ತದೆ, ಹೊಸ ಹೆಸರಲ್ಲವೇ ಎಂದು ಕೇಳಿದರು. ಅದರ ಶೀರ್ಷಿಕೆ ನನ್ನ ಮುಂದೆಯೇ ಇತ್ತು. ಶೀರ್ಷಿಕೆ ನೋಡಿ ಒಳಗೇನಿದೆ ಎಂದು ಹೇಳುವ ಜಾಣತನ ನನ್ನ ಕೆಲಸದವರಿಗೆ ಬೇಗ ಬರುತ್ತದೆ.

"ಗೊತ್ತಿಲ್ಲ ಅಂಕಲ್" ಎಂದೆ. "ನಾನು ಓದಿಲ್ಲ."

ಆಂಟಿ ಎದ್ದು ಪರದೆ ಸರಿಸಿದರು, ಬೆಳಕು ಮೇಜಿನ ಮೇಲೆ ಬಂತು. ನಾನು ಆ ಲೇಖನ ತೆರೆದು ಮೊದಲ ಸಾಲಿನಿಂದ ಓದತೊಡಗಿದೆ.